ಮಕ್ಕಳಿಗೆ ಜ್ವರದೊಂದಿಗೆ ದದ್ದು ಕಂಡ ದಿನವೇ ಶಾಲೆಗೆ ತಿಳಿಸುವ ಕುರಿತು

ಮಾನ್ಯ ಪೋಷಕರೇ,

ನಮ್ಮ ಶಾಲೆಯ ಇಬ್ಬರು ಮಕ್ಕಳಿಗೆ ಜ್ವರದೊಂದಿಗೆ ಮೈಮೇಲೆ ಕೆಂಪು ದದ್ದು ಕಾಣಿಸಿಕೊಂಡಿದ್ದು, ದಡಾರ ಇರಬಹುದೆಂಬ ಅನುಮಾನದಿಂದ ಪ್ರಾಥಮಿಕ ಆರೋಗ್ಯ ಕೇಂದ್ರದವರು ರಕ್ತದ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿದ್ದಾರೆ. ಇಬ್ಬರೂ ಚೇತರಿಸಿಕೊಳ್ಳುತ್ತಿದ್ದಾರೆ. ವರದಿ ಬರುವ ಮುನ್ನವೇ ನಿಮಗೆ ಬರೆಯಲು ಕಾರಣವಿದೆ. ಈ ರೋಗ ಯಾವ ಊರಿನಿಂದ ಬಂತು, ಯಾವ ಊರಿಗೆ ಹೋಗುತ್ತಿದೆ ಎಂದು ಆರೋಗ್ಯ ಇಲಾಖೆ ಪತ್ತೆ ಹಚ್ಚಬೇಕಾದರೆ, ಅದಕ್ಕೆ ಬೇಕಾದ ಮೊದಲ ಮಾಹಿತಿ ಸಿಗುವುದು ನಿಮ್ಮಿಂದಲೇ.

ದಡಾರ ಗಾಳಿಯಲ್ಲಿ ಹರಡುವ ವೈರಸ್ ರೋಗ. ಸೋಂಕಿತ ಮಗು ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೆ ಉಳಿಯಬಲ್ಲದು. ಲಸಿಕೆ ಪಡೆಯದ ಹತ್ತು ಮಂದಿ ಜೊತೆಗಿದ್ದರೆ ಒಂಬತ್ತು ಮಂದಿಗೆ ತಗಲುವಷ್ಟು ತೀವ್ರವಾಗಿ ಹರಡುತ್ತದೆ. ದದ್ದು ಏಳುವ ನಾಲ್ಕು ದಿನ ಮುಂಚಿನಿಂದಲೇ ಅದು ಬೇರೆಯವರಿಗೆ ಅಂಟುತ್ತದೆ. ಆಗ ಕಾಣುವುದು ಜ್ವರ, ಕೆಮ್ಮು, ನೆಗಡಿ, ಕೆಂಪಾದ ಕಣ್ಣು ಮಾತ್ರ. ಹಾಗಾಗಿ ಮಗು ಶಾಲೆಗೆ ಬಂದು, ಬಿಸಿಯೂಟದ ಸಾಲಿನಲ್ಲಿ ಎಲ್ಲರ ಜೊತೆ ಕುಳಿತೂ ಇರುತ್ತದೆ.

ಇದರಿಂದಾಗಿ ತಾರೀಖಿಗೆ ಬಹಳ ಬೆಲೆಯಿದೆ. 20ನೇ ತಾರೀಖಿಗೆ ದದ್ದು ಕಂಡಿದೆ ಎಂದಿಟ್ಟುಕೊಳ್ಳಿ. ಸೋಂಕು ತಗುಲಿದ್ದು ಸಾಮಾನ್ಯವಾಗಿ ಎರಡು ವಾರ ಹಿಂದೆ, ಅಂದರೆ 6ನೇ ತಾರೀಖಿನ ಆಸುಪಾಸಿನಲ್ಲಿ. ಬೇರೆಯವರಿಗೆ ಹರಡಬಹುದಾದ ಅವಧಿ 16ರಿಂದ 24ರವರೆಗೆ. 6ರ ಸುಮಾರಿಗೆ ಮಗು ಅಜ್ಜಿಯ ಊರಿನಲ್ಲಿತ್ತೋ, ಮೈಸೂರಿನ ಮದುವೆಯಲ್ಲಿತ್ತೋ, ಜಾತ್ರೆಗೆ ಹೋಗಿತ್ತೋ ಎಂಬುದು ರೋಗದ ಮೂಲವನ್ನು ತೋರಿಸುತ್ತದೆ. 16ರ ನಂತರದ ಓಡಾಟ ಮುಂದೆ ಎಲ್ಲಿ ಲಸಿಕೆ ಹಾಕಬೇಕೆಂಬುದನ್ನು ತಿಳಿಸುತ್ತದೆ. ರಜಾ ಅರ್ಜಿಯಲ್ಲಿ ‘ಹುಷಾರಿಲ್ಲ’ ಎಂದಷ್ಟೇ ಬರೆದರೆ ಇದಾವುದೂ ತಿಳಿಯುವುದಿಲ್ಲ. ದಯವಿಟ್ಟು ಜ್ವರ ಬಂದ ದಿನ, ದದ್ದು ಕಂಡ ದಿನ ಮತ್ತು ಹಿಂದಿನ ಮೂರು ವಾರಗಳಲ್ಲಿ ಮಗು ಹೋಗಿಬಂದ ಊರುಗಳನ್ನು ಬರೆದುಕೊಡಿ.

ನಮ್ಮ ಮಂಡ್ಯದ ಕಡೆ ಆಲೆಮನೆ ಕೆಲಸಕ್ಕೆ, ಕಬ್ಬು ಕಡಿಯಲು ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಕುಟುಂಬಗಳು ಬರುತ್ತವೆ. ಅವರನ್ನು ದೂರುವುದು ಅನ್ಯಾಯ. ಊರೂರು ತಿರುಗುವ ಆ ಮಕ್ಕಳಿಗೇ ಲಸಿಕೆ ತಪ್ಪುವ ಸಂಭವ ಹೆಚ್ಚು. ನಿಮ್ಮ ಗದ್ದೆ, ಆಲೆಮನೆಗಳಲ್ಲಿ ಅಂಥ ಮಕ್ಕಳಿದ್ದರೆ ಆಶಾ ಕಾರ್ಯಕರ್ತೆಯವರಿಗೆ ತಿಳಿಸಿ.

‘ಅಮ್ಮ’ ಆಗಿದೆಯೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊರಗಿನವರನ್ನು ಒಳಗೆ ಬಿಡದಿರುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಮಗುವನ್ನು ಇತರರಿಂದ ದೂರವಿಡುವ ಆ ಕ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ವೈದ್ಯರಿಗೆ ತೋರಿಸದೆ ಇರಬೇಡಿ. ದಡಾರದಿಂದ ನ್ಯುಮೋನಿಯಾ ಆಗಬಹುದು, ಅಪರೂಪಕ್ಕೆ ಮಿದುಳಿಗೂ ಬಾವು ಬರಬಹುದು. ಆಸ್ಪತ್ರೆಗೆ ಬಂದರೆ ಸತತ ಎರಡು ದಿನ ವಿಟಮಿನ್ ಎ ಕೊಡುತ್ತಾರೆ. ಮೊದಲ ಕೆಲವೇ ದಿನಗಳಲ್ಲಿ ಗಂಟಲಿನಿಂದ ಮಾದರಿ ತೆಗೆದರೆ ವೈರಸ್ ಯಾವ ತಳಿಯದೆಂದು ಪ್ರಯೋಗಾಲಯದಲ್ಲಿ ಗುರುತಿಸಿ, ಬೇರೆ ಊರುಗಳ ಪ್ರಕರಣಗಳೊಂದಿಗೆ ಹೋಲಿಸಲು ಸಾಧ್ಯ. ತಡವಾದಷ್ಟೂ ಅದು ಕಷ್ಟ.

ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಶಾಲೆಗಳಲ್ಲೇ ನಡೆದ ಅಭಿಯಾನದಲ್ಲಿ ನಮ್ಮ ಶಾಲೆಯ ಚಿಕ್ಕ ಮಕ್ಕಳ ಅಕ್ಕ, ಅಣ್ಣಂದಿರು ಲಸಿಕೆ ಪಡೆದಿರಬಹುದು. ಅದು ಆಮೇಲೆ ಹುಟ್ಟಿದ ಈ ಚಿಕ್ಕ ಮಕ್ಕಳಿಗೆ ಲೆಕ್ಕಕ್ಕೆ ಬರುವುದಿಲ್ಲ. ಕೋವಿಡ್ ಕಾಲದಲ್ಲಿ ಹುಟ್ಟಿದವರಲ್ಲಿ ಎರಡನೇ ಡೋಸ್ ತಪ್ಪಿರುವ ಸಾಧ್ಯತೆಯಿದೆ. ಊರಿನ ನೂರು ಜನರಲ್ಲಿ 95 ಜನರಿಗಾದರೂ ರಕ್ಷಣೆಯಿದ್ದರೆ ಮಾತ್ರ ದಡಾರದ ಹರಡುವಿಕೆ ನಿಲ್ಲುತ್ತದೆ. ಆದ್ದರಿಂದ ತಾಯಿ ಕಾರ್ಡಿನ ಲಸಿಕೆ ಪುಟದ ಪ್ರತಿಯನ್ನು ಸೋಮವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಕಾರ್ಡ್ ಕಳೆದಿದ್ದರೆ ಹಾಗೆಂದೇ ತಿಳಿಸಿ.

ದದ್ದು ಕಂಡ ದಿನದ ನಂತರ ನಾಲ್ಕು ದಿನ ಕಳೆಯುವವರೆಗೆ ಮಗುವನ್ನು ಶಾಲೆಗೆ ಕಳುಹಿಸಬೇಡಿ. ತಪ್ಪಿದ ಪಾಠಗಳನ್ನು ನಾವು ಮತ್ತೆ ಹೇಳಿಕೊಡುತ್ತೇವೆ. ಕಾಯಿಲೆಯಾದ ಮಗುವಿನ ಹೆಸರನ್ನು ಆರೋಗ್ಯ ಸಿಬ್ಬಂದಿಯ ಹೊರತು ಬೇರೆ ಯಾರಿಗೂ ತಿಳಿಸುವುದಿಲ್ಲ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಮಂಡ್ಯ ತಾಲ್ಲೂಕು