ಆ ಮಾತಿನ ಉಳಿದರ್ಧ

ಸಾಗರ

ಪುಟ್ಟೀ,

ಆಶೀರ್ವಾದ. ನಾನೂ ಅಮ್ಮನೂ ಚೆನ್ನಾಗಿದ್ದೇವೆ. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ, ಅಂಗಳದಲ್ಲಿ ಕಾಲಿಟ್ಟರೆ ಜಾರುತ್ತದೆ. ಮೊನ್ನೆ ನೀನು ಫೋನಿನಲ್ಲಿ ಅಂದಿದ್ದು ನಾಲ್ಕು ದಿನದಿಂದ ತಲೆಯಲ್ಲೇ ಕೂತಿದೆ. ಅದಕ್ಕೆ ಉತ್ತರವನ್ನು ಫೋನಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಬರೆಯುತ್ತಿದ್ದೇನೆ.

ತೈನಾನಿನ ಕನ್‌ಫ್ಯೂಷಿಯಸ್ ದೇಗುಲದ ಫೋಟೋ ಕಳಿಸಿದ್ದೆಯಲ್ಲ, ಕೆಂಪು ಗೋಡೆಯದು. 1665ರಲ್ಲಿ ಕಟ್ಟಿದ್ದು, ತೈವಾನಿಗೇ ಮೊದಲನೆಯದು. ನಿನ್ನ ಜೊತೆ ಬಂದಿದ್ದ ಹುಡುಗಿ ಅಲ್ಲೇ ಹೇಳಿದಳಂತೆ, ಅವಳು ಊರು ಬಿಡುವಾಗ ಅಜ್ಜಿ ಕನ್‌ಫ್ಯೂಷಿಯಸ್‌ನ ಮಾತು ನೆನೆದು ಅತ್ತಿದ್ದರು ಅಂತ: "ಅಪ್ಪ ಅಮ್ಮ ಬದುಕಿರುವಾಗ ದೂರ ಹೋಗಬಾರದು." ಅವಳ ಊರಿಗೆ ರೈಲಿನಲ್ಲಿ ಎರಡು ಗಂಟೆ. "ಹಾಗಾದರೆ ನನ್ನ ಕಥೆ ಏನಪ್ಪಾ?" ಅಂದು ನಕ್ಕೆ ನೀನು. ಮೂವತ್ತು ವರ್ಷ ಹೈಸ್ಕೂಲು ಮಕ್ಕಳ ನಗು ನೋಡಿದವನು ನಾನು. ಯಾವುದು ನಗು, ಯಾವುದು ನಗುವಿನ ಹಾಗೆ ಕಾಣುವುದು ಅಂತ ತಿಳಿಯುತ್ತದೆ.

ಆ ಮಾತು ಅರ್ಧ ಮಾತ್ರ, ಪುಟ್ಟೀ. ಶಿಷ್ಯರು ಕೂಡಿಟ್ಟ ಅವನ ಮಾತುಗಳ ಪುಸ್ತಕ 'ಲುನ್‌ಯು'ವಿನಲ್ಲಿ ಇಪ್ಪತ್ತು ಅಧ್ಯಾಯ, ಇದು ನಾಲ್ಕನೆಯದರಲ್ಲಿದೆ. ದೂರ ಹೋಗಬಾರದು ಅಂದಮೇಲೆ ಇನ್ನೊಂದು ತುಂಡು ಬರುತ್ತದೆ: ಹೋಗುವುದಾದರೆ 'ಫಾಂಗ್' ಇರಬೇಕು. ಫಾಂಗ್ ಅಂದರೆ ದಿಕ್ಕು, ಇಂಥ ಕಡೆ ಎಂಬ ಗೊತ್ತು. ಹನ್ನೆರಡನೆಯ ಶತಮಾನದ ಪಂಡಿತ ಝು ಶಿ ಇದನ್ನು ಬಿಡಿಸಿ ಹೇಳುತ್ತಾನೆ: ಪೂರ್ವಕ್ಕೆ ಹೋಗುತ್ತೇನೆ ಅಂದವನು ಪಶ್ಚಿಮಕ್ಕೆ ಹೋಗಬಾರದು, ಮಗ ಎಲ್ಲಿದ್ದಾನೆ ಅಂತ ಹೆತ್ತವರಿಗೆ ಗೊತ್ತಿದ್ದರೆ ಚಿಂತೆ ಇಲ್ಲ, ಕರೆದರೆ ಬರುತ್ತಾನೆ. ಅಷ್ಟೇ. ಅಜ್ಜಿಯಂದಿರು ಎಲ್ಲ ದೇಶದಲ್ಲೂ ತಮಗೆ ಬೇಕಾದ ಅರ್ಧವನ್ನೇ ನೆನಪಿಟ್ಟುಕೊಳ್ಳುತ್ತಾರೆ. ನಿನ್ನ ಅಜ್ಜಿಯೂ ಹಾಗೇ ಇದ್ದಳು.

ಅವಳ ವಿಷಯಕ್ಕೇ ಬರುತ್ತೇನೆ, ಯಾಕೆಂದರೆ ಈ ಪುಸ್ತಕದಲ್ಲಿ ನಾನು ಸಿಕ್ಕಿಬಿದ್ದದ್ದು ಅಲ್ಲೇ. ಎರಡನೆಯ ಅಧ್ಯಾಯದಲ್ಲಿ ಒಬ್ಬೊಬ್ಬರಾಗಿ ಬಂದು, ಹೆತ್ತವರಿಗೆ ನಡೆದುಕೊಳ್ಳುವ ರೀತಿ ಯಾವುದು ಅಂತ ಕೇಳುತ್ತಾರೆ. ಅದಕ್ಕೆ ಅವರಲ್ಲಿ 'ಶಿಯಾವ್' ಅನ್ನುತ್ತಾರೆ. ಆ ಅಕ್ಷರದ ಮೇಲರ್ಧ ಮುದುಕ, ಕೆಳಗರ್ಧ ಮಗು. ಕನ್‌ಫ್ಯೂಷಿಯಸ್ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಾನೆ. ಒಬ್ಬನಿಗೆ: ಈಗಿನವರು ಊಟ ಹಾಕುವುದನ್ನೇ ಶಿಯಾವ್ ಅನ್ನುತ್ತಾರೆ, ನಾಯಿ ಕುದುರೆಗಳಿಗೂ ಹಾಕುತ್ತೇವೆ, ಗೌರವ ಇಲ್ಲದಿದ್ದರೆ ವ್ಯತ್ಯಾಸ ಏನು? ಜಿಶಿಯಾ ಎಂಬ ಶಿಷ್ಯ ಕೇಳಿದಾಗ ಎರಡೇ ಅಕ್ಷರದಿಂದ ಶುರುಮಾಡುತ್ತಾನೆ: 'ಸೆ ನಾನ್'. ಮುಖದ ಬಣ್ಣವೇ ಕಷ್ಟ. ಕೆಲಸ ಮಾಡಿಕೊಡಬಹುದು, ಇದ್ದದ್ದರಲ್ಲಿ ಮೊದಲು ಬಡಿಸಬಹುದು, ಮುಖ ಮಾತ್ರ ಕಷ್ಟ.

ನಾವು 'ಮುಖ ಕೊಟ್ಟು ಮಾತಾಡು' ಅನ್ನುತ್ತೇವಲ್ಲ, ಅದೇ.

ನಿನಗೆ ನೆನಪಿದೆಯೋ ಇಲ್ಲವೋ, ನೀನಾಗ ಆರನೇ ಕ್ಲಾಸು. ಅಜ್ಜಿ ಜಗಲಿಯ ಮೂಲೆಯ ಮಂಚದಲ್ಲಿ ಕೂತು, ಗೇಟಿನ ಸದ್ದಾದಾಗಲೆಲ್ಲ "ಯಾರು ಬಂದಿದ್ದು?" ಅನ್ನುತ್ತಿದ್ದಳು. ಪೋಸ್ಟಿನವನು ಅಂದರೆ ಐದು ನಿಮಿಷಕ್ಕೆ ಮತ್ತೆ "ಯಾರು ಬಂದಿದ್ದು?" ನಾನು ಪಕ್ಕದ ಮೇಜಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿರುತ್ತಿದ್ದೆ. ಒಂದು ದಿನವೂ ಬೈದವನಲ್ಲ. ಹೊತ್ತಿಗೆ ಸರಿಯಾಗಿ ಗಂಜಿ, ಮಾತ್ರೆ, ರಾತ್ರಿ ಕಾಲಿಗೆ ಎಣ್ಣೆ. ಆದರೆ ಆ ಪ್ರಶ್ನೆಗೆ ಕೆಂಪು ಪೆನ್ನು ಎತ್ತಿ, ತಲೆ ಎತ್ತದೆ "ಯಾರೂ ಇಲ್ಲ" ಅನ್ನುತ್ತಿದ್ದೆ. ಕೊನೆಕೊನೆಗೆ ಗೇಟು ಸದ್ದಾದರೆ ಅವಳು ಮೊದಲು ನನ್ನ ಮುಖ ನೋಡಿ, ಕೇಳದೆ ಸುಮ್ಮನಾಗಿಬಿಡುತ್ತಿದ್ದಳು. ಅದನ್ನು ನಾನು ಆಗಲೇ ಗಮನಿಸಿದ್ದೆ, ನೆಮ್ಮದಿ ಅಂದುಕೊಂಡಿದ್ದೆ. ಎರಡೂವರೆ ಸಾವಿರ ವರ್ಷದ ಹಿಂದಿನ ಒಬ್ಬ ಮೇಷ್ಟ್ರು ಬಂದು ಆ ಲೆಕ್ಕ ತೆಗೆಯಬೇಕಾಯಿತು.

ಚೀನಾದಲ್ಲಿ ಇದನ್ನೇ ಕಾನೂನು ಮಾಡಿದರು. ಬೇರೆ ಇರುವ ಮಕ್ಕಳು ವಯಸ್ಸಾದವರನ್ನು ಆಗಾಗ ಬಂದು ನೋಡಬೇಕು ಅಂತ 2013ರ ಜುಲೈ 1ರಿಂದ ಜಾರಿಗೆ ಬಂತು. ಅದೇ ದಿನ ವೂಶಿ ನಗರದ ಕೋರ್ಟು, ಎಪ್ಪತ್ತೇಳು ವರ್ಷದ ತಾಯಿಯನ್ನು ಎರಡು ತಿಂಗಳಿಗೊಮ್ಮೆಯಾದರೂ ಹೋಗಿ ನೋಡು ಅಂತ ಒಬ್ಬ ಮಗಳಿಗೆ ಆದೇಶ ಕೊಟ್ಟಿತು. ನಮ್ಮಲ್ಲೂ 2007ರ ಕಾಯ್ದೆ ಇದೆ, ಅದು ಜೀವನಾಂಶದ ಮಾತು. ಊಟ ಔಷಧಕ್ಕೆ ದಿಕ್ಕಿಲ್ಲದವರಿಗೆ ಅದು ಬೇಕೇ ಬೇಕು. ಆದರೆ ಕೋರ್ಟಿನ ಕಾಗದ ಹಿಡಿದು ಬಂದ ಮಗಳು ಯಾವ ಮುಖ ಹೊತ್ತು ಬಾಗಿಲಲ್ಲಿ ನಿಂತಾಳು? ಆ ತಾಯಿ ಯಾವ ಮುಖದಿಂದ ತೆರೆದಾಳು?

ಕನ್‌ಫ್ಯೂಷಿಯಸ್‌ನ ಮಾತೆಲ್ಲ ಬಂಗಾರ ಅಂದುಕೊಳ್ಳಬೇಡ. ಹದಿನೇಳನೆಯ ಅಧ್ಯಾಯದಲ್ಲಿ, ಹೆಂಗಸರನ್ನೂ ಕೀಳುಜನರನ್ನೂ ಸಂಭಾಳಿಸುವುದು ಕಷ್ಟ, ಹತ್ತಿರ ಸೇರಿಸಿದರೆ ಸಲಿಗೆ, ದೂರ ಇಟ್ಟರೆ ಮುನಿಸು ಅನ್ನುತ್ತಾನೆ. ಇದಕ್ಕೆ ಏನೇನೋ ವ್ಯಾಖ್ಯಾನ ಹಚ್ಚಿ ಮುಚ್ಚುವವರಿದ್ದಾರೆ. ನಾನು ಮುಚ್ಚುವುದಿಲ್ಲ. ಮೂರು ವರ್ಷಕ್ಕೆ ಅಪ್ಪ ತೀರಿಕೊಂಡು, ತಾಯಿಯೊಬ್ಬಳೇ ಸಾಕಿದ ಹುಡುಗ ಅವನು. ಅವನ ಹಾದಿಯವರು ಆಮೇಲೆ ಹೆಣ್ಣಿಗೆ ಮೂರು ವಿಧೇಯತೆ ಅಂತ ಬರೆದರು: ಮೊದಲು ಅಪ್ಪ, ಮದುವೆಯಾದ ಮೇಲೆ ಗಂಡ, ಗಂಡ ಹೋದ ಮೇಲೆ ಮಗ. ನಮ್ಮ ಮನುವಿನ 'ಪಿತಾ ರಕ್ಷತಿ ಕೌಮಾರೇ' ನೆನಪಾಗುತ್ತದೆ ಅಲ್ಲವೇ? ಹಿಮಾಲಯದ ಆಚೆಗೂ ಈಚೆಗೂ ಗಂಡಸರಿಗೆ ಹೊಳೆದದ್ದು ಒಂದೇ.

ಚೀನಾದಲ್ಲಿ 1919ರ ವಿದ್ಯಾರ್ಥಿ ಚಳವಳಿಯ ಕಾಲದ ಹುಡುಗರು 'ಕನ್‌ಫ್ಯೂಷಿಯಸ್ ಅಂಗಡಿ ಮುಚ್ಚಿಸಿ' ಅಂದದ್ದರಲ್ಲಿ ನ್ಯಾಯವಿತ್ತು. 1966ರಲ್ಲಿ ಮಾವೋನ ಕೆಂಪು ಕಾವಲುಪಡೆಯವರು ಅವನ ಊರು ಚೂಫುವಿನಲ್ಲಿ ಅವನ ಸಮಾಧಿಯನ್ನೇ ಒಡೆದದ್ದರಲ್ಲಿ ಇರಲಿಲ್ಲ. ಅದೇ ವರ್ಷ ನೀನಿರುವ ದ್ವೀಪದಲ್ಲಿ ಚಿಯಾಂಗ್ ಕೈ ಶೇಕ್ ಸರ್ಕಾರ ಅವನನ್ನು ತಲೆಮೇಲೆ ಹೊತ್ತು ಸಂಸ್ಕೃತಿ ಪುನರುಜ್ಜೀವನ ಚಳವಳಿ ಹೂಡಿತು. ಅವನು ಹೇಳಿದ್ದೇನು ಎಂಬುದು ಇಬ್ಬರಿಗೂ ಅಷ್ಟು ಬೇಕಿರಲಿಲ್ಲ ಅನಿಸುತ್ತದೆ.

ಅವನ ಮಾತಿನ ಬೆನ್ನೆಲುಬು 'ರೆನ್', ಅಂದರೆ ಇನ್ನೊಬ್ಬರ ಮೇಲಿನ ಅಕ್ಕರೆ, ಮನುಷ್ಯತ್ವ. ಮನುಷ್ಯ ಎಂಬ ಗುರುತಿನ ಪಕ್ಕ ಎರಡು ಎಂಬ ಗುರುತು ಬರೆದರೆ ಆ ಅಕ್ಷರ. ಒಬ್ಬನೇ ಕೂತು ಸಾಧಿಸುವಂಥದ್ದಲ್ಲ ಅಂತ ನಾನು ಓದಿಕೊಂಡಿದ್ದೇನೆ. ಹಾಗಾಗಿ ಹೆತ್ತವರ ಕಡೆಗೂ ಲೆಕ್ಕ ಇದೆ. ಝೈ ವೋ ಎಂಬ ತರಲೆ ಶಿಷ್ಯ, ಅಪ್ಪ ಅಮ್ಮ ಸತ್ತರೆ ಮೂರು ವರ್ಷದ ಸೂತಕ ಯಾಕೆ, ಒಂದು ಸಾಲದೇ ಅನ್ನುತ್ತಾನೆ. ಗುರು ಕೇಳುತ್ತಾನೆ: ಅಷ್ಟರಲ್ಲೇ ಅಕ್ಕಿಯ ಅನ್ನ ಉಂಡು, ಜರಿಬಟ್ಟೆ ಉಟ್ಟು ನೆಮ್ಮದಿಯಾಗಿರಬಲ್ಲೆಯಾ? "ಇರಬಲ್ಲೆ." ಹಾಗಾದರೆ ಮಾಡು, ಅನ್ನುತ್ತಾನೆ ಗುರು. ಅವನು ಆಚೆ ಹೋದ ಮೇಲೆ, ಮಗು ಹೆತ್ತವರ ತೋಳು ಬಿಟ್ಟಿಳಿಯಲು ಮೂರು ವರ್ಷ ಬೇಕಲ್ಲ, ಇವನನ್ನೂ ಎತ್ತಿಕೊಂಡಿದ್ದರಲ್ಲ ಅಂತ ಒದ್ದಾಡುತ್ತಾನೆ. ಮೊದಲು ಎತ್ತಿಕೊಂಡದ್ದು, ಆಮೇಲೆ ಋಣ. (ನೀನಂತೂ ನಾಲ್ಕು ತುಂಬಿದರೂ ಇಳಿದವಳಲ್ಲ.)

ಶಿಯಾವ್‌ಗೆಂದೇ ಇರುವ ಇನ್ನೊಂದು ಹಳೆಯ ಪುಸ್ತಕದಲ್ಲಿ, ಅಪ್ಪ ಹೇಳಿದಂತೆ ಕೇಳಿದರೆ ಆಯಿತೇ ಅಂತ ಶಿಷ್ಯ ಕೇಳಿದಾಗ ಗುರು ರೇಗಿಬಿಡುತ್ತಾನೆ: ಇದೆಂಥ ಮಾತು! ಎದುರು ಹೇಳುವ ಮಗ ಇದ್ದರೆ ಅಪ್ಪ ಅಧರ್ಮಕ್ಕೆ ಬೀಳುವುದಿಲ್ಲ. ನೀನು ತೈವಾನಿಗೆ ಹೊರಟಾಗ ಮೂರು ರಾತ್ರಿ ವಾದ ಮಾಡಿದೆ. ನಾನು ಎಲೆಯ ಮುಂದೆ ಕೂತೂ ಮಾತು ಬಿಟ್ಟಿದ್ದೆ, ಮಗಳು ಎದುರಾಡಿದಳು ಅಂತ. ಹೋಗು ಅಂದದ್ದು ಅಮ್ಮ. ಬಸ್‌ಸ್ಟ್ಯಾಂಡಿಗೆ ಬಂದೆ, ಪೆಟ್ಟಿಗೆ ಎತ್ತಿಕೊಟ್ಟೆ, ಮುಖ ಕೊಡಲಿಲ್ಲ. ಅದನ್ನು ನೀನು ಮರೆತಿರಬಹುದು.

ನಾಲ್ಕನೆಯ ಅಧ್ಯಾಯದಲ್ಲೇ ಇನ್ನೊಂದಿದೆ: ಹೆತ್ತವರ ವಯಸ್ಸು ಗೊತ್ತಿರಬೇಕು, ಒಂದು ಕಡೆ ಸಂತೋಷಕ್ಕೆ, ಒಂದು ಕಡೆ ಭಯಕ್ಕೆ. ನನಗೆ ಅರವತ್ತಾರು, ಅಮ್ಮನಿಗೆ ಅರವತ್ತೊಂದು. ಭಯ ಸದ್ಯಕ್ಕೆ ಬೇಡ; ಶುಗರ್ ಹಿಡಿತದಲ್ಲಿದೆ.

ಮನೆ ಬದಲಾಯಿಸಿದೆ ಅಂದೆ, ವಿಳಾಸ ಕಳಿಸಲಿಲ್ಲ. ಯಾವ ರಸ್ತೆ, ಎಷ್ಟನೆಯ ಮಹಡಿ, ಅಲ್ಲಿಯ ಲಿಪಿಯಲ್ಲೂ ಬರೆಸಿ ಕಳಿಸು. ಅಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ, ಡಬ್ಬದ ಮೇಲೆ ನಿನ್ನ ಹೆಸರು ಬರೆದು ಕೆಳಗೆ ಜಾಗ ಖಾಲಿ ಬಿಟ್ಟಿದ್ದೇನೆ.

ನಿನ್ನ
ಅಪ್ಪ