ಗಾಳ ಹಾಕುವವರ ಪಟ್ಟಿ ಯಾಕೆ ಬೇಕು?

ಮಾನ್ಯ ಸಂಪಾದಕರೇ,

ಹವ್ಯಾಸಕ್ಕೆ ಗಾಳ ಹಾಕುವವರೂ ಹೆಸರು ನೋಂದಾಯಿಸಬೇಕೆಂದರೆ ‘ಇದೂ ಒಂದು ತೆರಿಗೆ’ ಎಂದು ಹಲವರು ಸಿಡಿಮಿಡಿಗೊಳ್ಳುತ್ತಾರೆ. ಅಮೆರಿಕದಲ್ಲಿ ಈ ನಿಯಮ ಹುಟ್ಟಿದ ಬಗೆ ತಿಳಿದರೆ ಆ ಸಿಟ್ಟು ಇಳಿದೀತು.

ಹವ್ಯಾಸಿಗಳು ಸಮುದ್ರದಲ್ಲಿ ಎಷ್ಟು ಮೀನು ಹಿಡಿಯುತ್ತಾರೆಂದು ಅಂದಾಜು ಮಾಡಲು ಅಲ್ಲಿ 1979ರಲ್ಲಿ ಶುರುವಾದ ಸಮೀಕ್ಷೆಯಲ್ಲಿ ಕರಾವಳಿಯ ಮನೆಗಳಿಗೆ ಸಿಕ್ಕಿದ ನಂಬರಿಗೆ ಫೋನ್ ಮಾಡಿ, ‘ಕಳೆದ ಎರಡು ತಿಂಗಳಲ್ಲಿ ಎಷ್ಟು ಸಲ ಮೀನು ಹಿಡಿಯಲು ಹೋಗಿದ್ದಿರಿ’ ಎಂದು ಕೇಳುತ್ತಿದ್ದರು. ಕರೆ ಸ್ವೀಕರಿಸಿದ ಬಹುಪಾಲು ಮನೆಗಳಲ್ಲಿ ಗಾಳ ಹಿಡಿದವರೇ ಇರುತ್ತಿರಲಿಲ್ಲ. ಒಳನಾಡಿನಿಂದ ಬಂದು ಹೋಗುವವರಿಗೆ ಕರೆಯೇ ಹೋಗುತ್ತಿರಲಿಲ್ಲ. 2006ರಲ್ಲಿ ತಜ್ಞರ ಸಮಿತಿ ಈ ವಿಧಾನವನ್ನು ಕಟುವಾಗಿ ಟೀಕಿಸಿತು. ಕಾನೂನು ತಿದ್ದುಪಡಿಯಾಗಿ 2010ರ ಜನವರಿ 1ರಿಂದ ಸಮುದ್ರದಲ್ಲಿ ಗಾಳ ಹಾಕುವವರ ರಾಷ್ಟ್ರೀಯ ನೋಂದಣಿ ಜಾರಿಗೆ ಬಂತು. ಮರುವರ್ಷ 15 ಡಾಲರ್ ಶುಲ್ಕ ಸೇರಿತು. 16 ವರ್ಷದೊಳಗಿನವರಿಗೆ ವಿನಾಯಿತಿ. ತಮ್ಮದೇ ಲೈಸೆನ್ಸ್ ಪಟ್ಟಿ ಒದಗಿಸುವ ರಾಜ್ಯಗಳ ಗಾಳಗಾರರು ಮತ್ತೆ ನೋಂದಾಯಿಸಬೇಕಿಲ್ಲ.

ಹಿಡಿದ ಮೀನಿನ ಲೆಕ್ಕದ ದಾರಿ ಸರಳ: ಒಟ್ಟು ಎಷ್ಟು ಸಲ ಹೋದರು, ಒಂದು ಸಲಕ್ಕೆ ಸರಾಸರಿ ಎಷ್ಟು ಮೀನು ಸಿಕ್ಕಿತು, ಇವೆರಡರ ಗುಣಲಬ್ಧ. ಮೊದಲನೆಯದು ಈಗ ಅಂಚೆಯಲ್ಲಿ ಮನೆಗೆ ಬರುವ ಫಾರ್ಮಿನಿಂದ, ಎರಡನೆಯದು ಜೆಟ್ಟಿಯಲ್ಲಿ ನಿಂತು ಕೇಳುವವರಿಂದ. ಸಾವಿರ ಸಲ ಹೋದದ್ದು 1,300 ಎಂದು ದಾಖಲಾದರೆ, ಸಲಕ್ಕೆ ಎರಡು ಮೀನಿನಂತೆ 600 ಮೀನು ಸುಮ್ಮನೆ ಹುಟ್ಟಿಕೊಳ್ಳುತ್ತವೆ. ಇದನ್ನು ನಂಬಿ ಮೀನುಗಾರಿಕೆಯ ಋತುವನ್ನು ಬೇಗ ಮುಚ್ಚಿಬಿಡಬಹುದು. ಇದು ಬರೀ ಊಹೆಯೂ ಅಲ್ಲ. 2018ರಲ್ಲಿ ಫೋನಿನ ಬದಲು ಅಂಚೆ ಫಾರ್ಮ್ ಬಂತು. ಅದರಲ್ಲಿ ಎರಡು ತಿಂಗಳ ಪ್ರಶ್ನೆಗಿಂತ ಮೊದಲು ಇಡೀ ವರ್ಷದ ಪ್ರಶ್ನೆ ಕೇಳಿ ನೋಡಿದ ಪ್ರಯೋಗದಲ್ಲಿ, ಎಷ್ಟು ಸಲ ಹೋದರೆಂಬ ಅಂದಾಜು ಸಾಮಾನ್ಯವಾಗಿ ಶೇ 30ರಿಂದ 40ರಷ್ಟು ಇಳಿದದ್ದು 2023ರಲ್ಲಿ ಬಹಿರಂಗವಾಯಿತು. ಪ್ರಶ್ನೆಯ ಸರದಿಯೊಂದೇ ಇಷ್ಟು ಎಳೆದಾಡುವಾಗ, ಪಟ್ಟಿಯೇ ಅರೆಬರೆಯಾದರೆ ಗತಿಯೇನು? ಅಂಚೆ ವಿಳಾಸಗಳನ್ನು ಲೈಸೆನ್ಸ್ ಪಟ್ಟಿಯೊಂದಿಗೆ ತಾಳೆ ನೋಡಿಯೇ ಗಾಳಗಾರರಿರುವ ಮನೆಗಳನ್ನು ಗುರುತಿಸುವುದು. ವಿಳಾಸ ಹಳತಾದರೆ ತಾಳೆ ತಪ್ಪುತ್ತದೆ.

ಆದ್ದರಿಂದ ಅಲ್ಲಿ ಗಾಳ ಹಾಕುವವರೇ, ಮನೆ ಬದಲಿಸಿದಾಗ ನೋಂದಣಿಯಲ್ಲೂ ವಿಳಾಸ ತಿದ್ದಿಸಿ. ಒಮ್ಮೆಯೂ ಹೋಗಿರದಿದ್ದರೆ ಫಾರ್ಮನ್ನು ಬಿಸಾಡದೆ ‘ಸೊನ್ನೆ’ ಎಂದೇ ಬರೆದು ಕಳಿಸಿ. ಹೋದವರು ಮಾತ್ರ ಉತ್ತರಿಸಿದರೆ ಅಂದಾಜು ಉಬ್ಬುತ್ತದೆ. ಜೆಟ್ಟಿಯಲ್ಲಿ ಕೇಳಿದರೆ ಮೀನನ್ನು ಕತ್ತರಿಸುವ ಮುಂಚೆ ಇಡಿಯಾಗಿ ತೋರಿಸಿ. ತುಂಡಾದ ಮೀನಿನ ಉದ್ದ ಅಳೆಯಲಾಗದು, ಜಾತಿ ಗುರುತಿಸುವುದೂ ಕಷ್ಟ. ಗಾಳಕ್ಕೆ ಎರೆಯಾಗಿ ಬಳಸಿದ್ದು, ಬೇರೆಯವರಿಗೆ ಕೊಟ್ಟದ್ದು, ಜೀವಂತ ಬಿಟ್ಟದ್ದು, ಸತ್ತದ್ದನ್ನು ಎಸೆದದ್ದು ಎಲ್ಲವನ್ನೂ ಬೇರೆಬೇರೆಯಾಗಿ ಹೇಳಿ. ನೀರಿಗೆ ಬಿಟ್ಟ ಮೀನುಗಳಲ್ಲೂ ಒಂದು ಪಾಲು ಗಾಳದ ಗಾಯದಿಂದ ಸಾಯುತ್ತದೆ. ಬಿಟ್ಟದ್ದೆಷ್ಟು ಎಂಬ ಎಣಿಕೆಯಿಲ್ಲದೆ ಆ ಸಾವುಗಳನ್ನು ಅಂದಾಜು ಮಾಡುವುದಕ್ಕೇ ಆಗುವುದಿಲ್ಲ.

– ಓರ್ವ ಓದುಗ