ಬದುವಿನ ಕಸದಲ್ಲಿ ಉಳಿಯುವ ಸೋಯಾಬೀನ್ ರೋಗ

ಮಾನ್ಯರೇ,

ಸೋಯಾಬೀನ್ ಬಿತ್ತನೆಯ ಹೊತ್ತಿಗೆ ರೈತರಿಗೆ ಸಿಗುವ ಸಲಹೆಗಳಲ್ಲಿ ಕಳೆಯ ಮಾತು ಸಾಮಾನ್ಯವಾಗಿ ಮೊದಲ 30–45 ದಿನಗಳಿಗೇ ಮುಗಿದುಹೋಗುತ್ತದೆ. ಕಳೆಯು ಬೆಳೆಯ ನೀರು, ಗೊಬ್ಬರ, ಬೆಳಕನ್ನು ಕಸಿಯುತ್ತದೆ ಎಂಬಷ್ಟನ್ನೇ ಲೆಕ್ಕಕ್ಕೆ ಹಿಡಿದರೆ ಅದು ಸರಿ. ಆದರೆ ಅದೇ ಕಳೆ ಬೆಳೆಯ ಶಿಲೀಂಧ್ರ ರೋಗಗಳಿಗೆ ಆಸರೆಯೂ ಆಗುತ್ತದೆಂದು ಹೇಳುವವರು ಕಡಿಮೆ.

ಕಳೆದ ಮುಂಗಾರಿನಲ್ಲಿ ನಮ್ಮ ಹೊಲದಲ್ಲಿ ಸೊರಗಿದ್ದ ಗಿಡವೊಂದನ್ನು ಕಿತ್ತಾಗ ಬುಡದ ಸುತ್ತ ಬಿಳಿ ನೂಲಿನಂಥ ಬೂಷ್ಟು, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಂಡವು. ಗೇಣು ದೂರದ ಕಾಂಗ್ರೆಸ್ ಕಸವನ್ನು ಕಿತ್ತರೆ ಅದರ ಬುಡದಲ್ಲೂ ಅವೇ! ಸ್ಕ್ಲೆರೋಶಿಯಂ ರಾಲ್ಫ್ಸಿಯೈ ಎಂಬ ಶಿಲೀಂಧ್ರ ತರುವ ಬುಡಕೊಳೆಯ ಗುರುತುಗಳಿವು. ಶೇಂಗಾ, ಕಡಲೆ ಸೇರಿದಂತೆ ನೂರಾರು ಬಗೆಯ ಸಸ್ಯಗಳು ಇದಕ್ಕೆ ತುತ್ತಾಗುತ್ತವೆ. ಈ ಶಿಲೀಂಧ್ರ ಸತ್ತ ಕಾಂಡದ ಮೇಲೂ ಬೆಳೆದು ಅಲ್ಲಿಂದ ಬೆಳೆಯ ಬುಡಕ್ಕೆ ಹಬ್ಬುವುದರಿಂದ, ಕಿತ್ತ ಕಸವನ್ನು ಸಾಲಿನಲ್ಲೇ ಬಿಡುವ ನಮ್ಮ ರೂಢಿ (ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು) ಅದಕ್ಕೆ ಮೇವು ಹಾಕಿದಂತಾಗುತ್ತದೆ.

ಚಿಬ್ಬು ರೋಗವನ್ನು ಕಳೆಯಲ್ಲಿ ಗುರುತಿಸುವುದು ಇನ್ನೂ ಕಷ್ಟ. ನಮ್ಮ ಬದುಗಳಲ್ಲಿ ಬೆಳೆಯುವ ತುತ್ತಿ ಗಿಡದ ಕುಲಕ್ಕೇ ಸೇರಿದ ಕಳೆಯೊಂದು ಸೋಯಾಬೀನ್‌ನ ರೋಗಕಾರಕ ಶಿಲೀಂಧ್ರಗಳಿಗೆ ಆಸರೆಯಾಗುತ್ತದೆಂದು ಅಮೆರಿಕದ ವಿಜ್ಞಾನಿಗಳು 1980ರ ಸುಮಾರಿಗೇ ತೋರಿಸಿದ್ದಾರೆ. ಇಂಥ ಶಿಲೀಂಧ್ರಗಳು ಹಸಿರು ಗಿಡದಲ್ಲಿ ಚುಕ್ಕೆಯನ್ನೂ ತೋರದೆ ಇರಬಲ್ಲವು; ಗಿಡವನ್ನು ಪ್ಯಾರಾಕ್ವಾಟ್ ಎಂಬ ಕಳೆನಾಶಕದಿಂದ ಒಣಗಿಸಿದಾಗ ಇಲ್ಲವೇ ಗಿಡ ತಾನಾಗಿ ಒಣಗಿದಾಗ ಹೊರಬೀಳುತ್ತವೆ. ಆದ್ದರಿಂದ ಕಣ್ಣಿಗೆ ಆರೋಗ್ಯವಾಗಿ ಕಾಣುವ ಕಳೆಯನ್ನು ನಿರಪಾಯವೆಂದು ಬಿಡುವಂತಿಲ್ಲ.

ತುಕ್ಕು ರೋಗದ ಶಿಲೀಂಧ್ರಕ್ಕೆ ಜೀವಂತ ಎಲೆಯೇ ಬೇಕು. 2004ರಲ್ಲಿ ಅಮೆರಿಕಕ್ಕೆ ಕಾಲಿಟ್ಟ ಈ ರೋಗ ಅಲ್ಲಿನ ದಕ್ಷಿಣ ಭಾಗದಲ್ಲಿ ಕುಡ್ಜು ಎಂಬ ಕಾಡುಬಳ್ಳಿಯ ಮೇಲೆ ಚಳಿಗಾಲ ಕಳೆಯುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ 21 ತಳಿ ನಮಗೆ ಆಧಾರವಾಗಿದೆ ನಿಜ, ಆದರೆ ಅದು ತುಕ್ಕಿನ ಮಟ್ಟಿಗಿನ ಪರಿಹಾರ.

ಬೆಳಗಾವಿ, ಧಾರವಾಡ, ಬೀದರ್ ಭಾಗದ ಬದು ಮತ್ತು ಬಸಿಗಾಲುವೆಗಳ ಕಳೆಗಳಲ್ಲಿ ಯಾವುವು ಯಾವ ರೋಗಕ್ಕೆ ಆಸರೆಯಾಗಿವೆ ಎಂಬುದನ್ನು ಕೃಷಿ ಇಲಾಖೆಯು ಸಮೀಕ್ಷೆ ಮಾಡಿಸಿ, ಚಿತ್ರಸಹಿತ ಪಟ್ಟಿಯನ್ನು ಮುಂದಿನ ಬಿತ್ತನೆಗೆ ಮುನ್ನ ರೈತ ಸಂಪರ್ಕ ಕೇಂದ್ರಗಳಲ್ಲಿ ಹಾಕಿಸಬೇಕೆಂದು ಕೋರುತ್ತೇನೆ.

– ಸೋಯಾಬೀನ್ ಬೆಳೆಗಾರ, ಬೈಲಹೊಂಗಲ ತಾಲ್ಲೂಕು